ಕಡೆಯ ನಲ್ಲಿಯ ನೀರು

ಕುರುಗೋಡಿನ ದೊಡ್ಡ ಬಸವೇಶ್ವರನ ದರ್ಶನಕ್ಕೆ ಹೋದವರು ಆ ಊರಿನ ಬಂಡೆಗಲ್ಲುಗಳ ಕಾವನ್ನು ಬಲ್ಲರು. ದರ್ಶನವಾದೊಡನೆ ಯಾತ್ರಿಕನು ಕೇಳುವುದು ಒಂದು ತಂಬಿಗೆ ನೀರನ್ನು. ನೀರು ತಿಳಿಯಾಗಿದ್ದರೆ ಗಟಗಟನೆ ಕುಡಿಯುವನು. ಔಷಧದ ವಾಸನೆ ಬಂದರೆ ಮುಖ ಸಿಂಡರಿಸುವನು. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಕ್ಲೋರೀನಿನ ವಾಸನೆ ಬಂದ ದಿನ ನೀರು ಬಿಡುವವರನ್ನು ಬಯ್ಯುತ್ತೇವೆ. ವಾಸನೆಯೇ ಇಲ್ಲದ ದಿನ ಯಾರೂ ವಿಚಾರಿಸುವುದಿಲ್ಲ. ವಿಚಾರಿಸತಕ್ಕದ್ದು ಆ ಎರಡನೆಯ ದಿನವೇ.

ತುಂಗಭದ್ರೆಯ ಕಾಲುವೆಗಳಿಂದ ಈ ಸೀಮೆಗೆ ಗದ್ದೆಯೂ ಬಂದಿತು, ಕುಡಿಯುವ ನೀರೂ ಬಂದಿತು. ಬಳ್ಳಾರಿ ನಗರವು ಅಲ್ಲೀಪುರ ಮತ್ತು ಮೋಕಾಗಳ ಕೆರೆಗಳಲ್ಲಿ ಕಾಲುವೆಯ ನೀರನ್ನು ತುಂಬಿಟ್ಟುಕೊಳ್ಳುವುದು. ಹೊಲ ಊರುಗಳನ್ನು ಹಾದು ತೆರೆದ ಕಾಲುವೆಯಲ್ಲಿ ಬರುವ ನೀರು ಎಷ್ಟೇ ಸೋಸಿದರೂ ಕಣ್ಣಿಗೆ ಕಾಣದ ರೋಗಬೀಜಗಳನ್ನು ಉಳಿಸಿಕೊಳ್ಳಬಲ್ಲದು. ಅವನ್ನು ಕೊಲ್ಲುವುದಕ್ಕಾಗಿಯೇ ಕ್ಲೋರೀನು. ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ 1897ರಲ್ಲಿ ವಿಷಮಶೀತಜ್ವರ ಹಬ್ಬಿದಾಗ ಕೊಳವೆಗಳನ್ನು ಚಲುವೆಪುಡಿಯಿಂದ ಶುದ್ಧಿಮಾಡಿದರು. ಅಮೆರಿಕದ ಜರ್ಸಿ ಸಿಟಿಯು 1908ರಲ್ಲಿ ನಗರದ ನೀರಿಗೆಲ್ಲ ಇದನ್ನು ನಿತ್ಯವೂ ಬೆರೆಸತೊಡಗಿತು.

ಆದರೆ ಶುದ್ಧೀಕರಣದ ಸ್ಥಾನದಲ್ಲಿ ಕ್ಲೋರೀನು ಬೆರೆಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ನೀರಿನ ಕಲ್ಮಷದೊಡನೆಯೂ ಕೊಳವೆಯ ಒಳಗೋಡೆಯ ಪಾಚಿ ತುಕ್ಕುಗಳೊಡನೆಯೂ ಹೋರಾಡುತ್ತ ದಾರಿಯಲ್ಲಿಯೇ ಸವೆಯುವುದು. ಬಿಸಿಲು ಹೆಚ್ಚಿದಷ್ಟೂ ಬೇಗ ಸವೆಯುವುದು. ನಮ್ಮ ಬಳ್ಳಾರಿಯ ಬೇಸಗೆಯೋ, ನಲವತ್ತು ಡಿಗ್ರಿಯನ್ನು ಮೀರುವಂಥದು! ಆದುದರಿಂದ ಭಾರತದ ಮಾನದಂಡವು ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಿಗೆ ಕಡಮೆಯಿಲ್ಲದೆ ಕ್ಲೋರೀನು ಉಳಿದಿರಬೇಕೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಮೇಲಿನ ಮಿತಿ 5 ಮಿಲಿಗ್ರಾಮು. ತೊಟ್ಟಿಯ ಬುಡದ ಮನೆಗೆ ವಾಸನೆ ತಾಗುವಷ್ಟು ಹಾಕಿದರೂ ಊರ ಕೊನೆಯ ಕೇರಿಗೆ ಏನೂ ಉಳಿಯದಿರಬಹುದು. ಆ ಕೇರಿಯ ಹೆಣ್ಣುಮಕ್ಕಳು ಮಾತ್ರ ನೀರು ಬಹು ಸಿಹಿಯಾಗಿದೆಯೆಂದು ಸಂತೋಷಪಡುವರು.

ನೀರು ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ಅಪಾಯವು ಇಮ್ಮಡಿ. ಕೊಳವೆ ಬರಿದಾದಾಗ ಒಳಗಿನ ಒತ್ತಡ ಇಳಿದು, ಸೀಳಿದ ಸಂದುಗಳಿಂದ ಪಕ್ಕದ ಚರಂಡಿಯ ನೀರನ್ನೇ ಒಳಕ್ಕೆ ಹೀರುವುದು. ಮುಂದೆ ನೀರು ಬಿಟ್ಟಾಗ ಮೊದಲ ಕೊಡ ತುಂಬುವುದು ಅದರಿಂದಲೇ. ಇದು ಬರಿಯ ಊಹೆಯಲ್ಲ. 2021ರಲ್ಲಿ ನೆರೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿಯೂ, 2022ರಲ್ಲಿ ರಾಯಚೂರು ನಗರದಲ್ಲಿಯೂ ಕಲುಷಿತವಾದ ಕುಡಿಯುವ ನೀರಿನಿಂದ ವಾಂತಿಭೇದಿಗೆ ಸಿಕ್ಕಿ ಹಲವರು ಪ್ರಾಣ ಬಿಟ್ಟರು. ಎರಡು ಸ್ಥಳಗಳೂ ನಮಗೆ ದೂರವಲ್ಲ.

ಚಲುವೆಪುಡಿಯ ಸಂಗತಿಯನ್ನೂ ಹೇಳಬೇಕು. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರೀನು ಇರುವುದು. ಸಾವಿರ ಲೀಟರು ತಿಳಿನೀರಿಗೆ ಎರಡೂವರೆ ಗ್ರಾಮು ಸಾಕು. ಆದರೆ ಮೂಟೆಯ ಬಾಯಿ ತೆರೆದಿಟ್ಟು ಬಿಸಿಲ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅದು ಸುಣ್ಣಕ್ಕಿಂತ ಹೆಚ್ಚೇನೂ ಅಲ್ಲ. ಅಳತೆ ಸರಿ, ಲೆಕ್ಕದ ಪುಸ್ತಕ ಸರಿ, ಸತ್ತ್ವ ಮಾತ್ರ ಇಲ್ಲ!

ವಾಸನೆಯನ್ನು ಸಹಿಸಲಾರದವರು ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಕೆಲವು ಗಂಟೆ ಬಿಟ್ಟರೆ ಅದು ಹಾರಿಹೋಗುವುದು. ರಕ್ಷಣೆಯೂ ಅದರೊಡನೆ ಹೋಗುವುದೆಂಬುದನ್ನು ನೆನಪಿಟ್ಟು, ಬಳಿಕ ಮುಚ್ಚಿಡಬೇಕು, ಕೈ ಅದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆಯಬೇಕು. ಸಂಶಯವಿದ್ದರೆ ನೀರು ಕೊತಕೊತನೆ ಕುದಿದ ಮೇಲೆ ಇನ್ನೊಂದು ನಿಮಿಷ ಕುದಿಸಬೇಕು.

ಮೂಗಿನ ಸಾಕ್ಷಿ ಸಾಲದೆನ್ನುವವರಿಗೆ ಪರೀಕ್ಷೆಯೂ ಸುಲಭವಾಗಿದೆ. ಡಿಪಿಡಿ ಎಂಬ ಮಾತ್ರೆಯನ್ನು ಗಾಜಿನ ಕೊಳವೆಯ ನೀರಿಗೆ ಹಾಕಿದರೆ ಕ್ಲೋರೀನು ಇದ್ದಷ್ಟು ಗುಲಾಬಿ ಬಣ್ಣ ಬರುವುದು. ಜಲಜೀವನ ಮಿಷನ್ನಿನಲ್ಲಿ ಗ್ರಾಮಕ್ಕೆ ಐವರು ಸ್ತ್ರೀಯರಂತೆ ನೀರಿನ ಪರೀಕ್ಷೆಗೆ ಶಿಕ್ಷಣ ಕೊಡುವ ಏರ್ಪಾಡು ಉಂಟು. ಅವರು ನಿಮ್ಮ ಊರಿಗೆ ಬಂದಾಗ ತೊಟ್ಟಿಯ ಬಳಿಯ ನಲ್ಲಿಯನ್ನು ತೋರಿಸಿ ಕಳುಹಿಸಬೇಡಿರಿ. ಕಡೆಯ ಕೇರಿಯ ಕಡೆಯ ಮನೆಗೆ ಕರೆದುಕೊಂಡು ಹೋಗಿರಿ, ನೀರು ಬಿಟ್ಟು ಅರ್ಧ ಗಂಟೆಯಾದ ಮೇಲೆ.