ಟೆಸ್ಟರ್ ಬೆಳಗಿದರೂ ಫೇಸ್ ಇಲ್ಲ!

ಅಫಜಲಪುರ, ಜೇವರ್ಗಿಗಳ ಭೀಮಾ ದಂಡೆಯಲ್ಲಾಗಲಿ, ಆಳಂದದ ಬಾವಿಗಳಲ್ಲಾಗಲಿ, ಮೂರು ಫೇಸಿನ ಪಂಪ್ ಮೋಟಾರು ಸುಡಲು ಒಂದು ಮುಖ್ಯ ಕಾರಣ ಸಿಂಗಲ್ ಫೇಸಿಂಗ್. ಓಡುತ್ತಿರುವಾಗ ಒಂದು ಫ್ಯೂಸ್ ಹೋದರೂ ಮೋಟಾರು ಸಾಮಾನ್ಯವಾಗಿ ನಿಲ್ಲದು. ಅದೇ ಹೊರೆಯನ್ನು ಎರಡೇ ತಂತಿಗಳು ಹೊರಬೇಕಾದ್ದರಿಂದ ಅವುಗಳಲ್ಲಿ ಪ್ರವಾಹ ಸುಮಾರು 1.73 ಪಟ್ಟಾಗುತ್ತದೆ. ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಸ್ಟಾರ್ ಜೋಡಣೆಯ ಆ ಎರಡು ಸುರುಳಿಗಳಲ್ಲಿ ಅದು ಸುಮಾರು 3 ಪಟ್ಟು!

ಟೆಸ್ಟರ್ ಇಲ್ಲಿ ಮೋಸ ಮಾಡುತ್ತದೆ. ಫ್ಯೂಸ್ ಹೋದ ತಂತಿಗೂ ಮೋಟಾರಿನ ಸುರುಳಿಗಳ ಮೂಲಕ ವೋಲ್ಟೇಜ್ ಮರಳಿ ಬಂದು ದೀಪ ಬೆಳಗುತ್ತದೆ. ಆದ್ದರಿಂದ ಕ್ಲ್ಯಾಂಪ್ ಮೀಟರನ್ನು ಮೂರೂ ತಂತಿಗಳಿಗೆ ಒಂದೊಂದಾಗಿ ಹಾಕಿ ನೋಡಿ. ಸೊನ್ನೆ ತೋರಿದ್ದೇ ಕಡಿದ ಫೇಸ್. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಫ್ಯೂಸ್ ಮುಟ್ಟಿ. ದಪ್ಪ ತಂತಿ ಸುತ್ತುವುದು ಪರಿಹಾರವಲ್ಲ. ಸಿಂಗಲ್ ಫೇಸ್ ಪ್ರಿವೆಂಟರ್ ಅಳವಡಿಸುವುದೇ ಕ್ಷೇಮ.