ತಾಳೆಗರಿ ಬಿದ್ದ ಸರೋವರ

ಬೋರ್‌ವೆಲ್ ನೀರು ಕಾಯಿಸುವ ಬಚ್ಚಲ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಒಂದು ಚೂರು ಕೆರೆದು ನಿಂಬೆರಸ ಹಿಂಡಿ ನೋಡಿ. ಬುಸಬುಸನೆ ನೊರೆ ಏಳುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣ ಅದು. ಗಟ್ಟಿಯಾಗುವಾಗ ತಾನಿದ್ದ ನೀರಿನ ಗುರುತನ್ನೂ ಒಳಗೇ ಇಟ್ಟುಕೊಂಡಿರುತ್ತದೆ.

ಮಧ್ಯ ಟಿಬೆಟ್ಟಿನ ಲುನ್‌ಪೋಲಾ ಕಣಿವೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಸರೋವರಗಳ ತಳದಲ್ಲಿ ಇದೇ ನಡೆಯಿತು. ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಇಂದು ಆ ನೆಲ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಆಗ ಎಷ್ಟಿತ್ತು?

ಉತ್ತರ ಇರುವುದು ಮಳೆಯಲ್ಲಿ. ನೀರಿನ ಆಮ್ಲಜನಕದಲ್ಲಿ ಹಗುರವಾದದ್ದೂ (16) ಇದೆ, ಭಾರವಾದದ್ದೂ (18) ಇದೆ. ಮೋಡ ಬೆಟ್ಟ ಹತ್ತುತ್ತಾ ಮಳೆ ಸುರಿಸಿದಂತೆ ಭಾರದ್ದು ಮೊದಲು ಇಳಿದುಹೋಗುತ್ತದೆ. ಮೇಲೆ ಹೋದಷ್ಟೂ ಮಳೆನೀರು ಹಗುರ. ಆ ನೀರು ಸರೋವರ ಸೇರಿ, ಅದರ ಲೆಕ್ಕ ಸುಣ್ಣದಲ್ಲಿ ಉಳಿಯುತ್ತದೆ. 2006ರಲ್ಲಿ ಭೂವಿಜ್ಞಾನಿಗಳಾದ ಡೇವಿಡ್ ರೌಲಿ ಮತ್ತು ಬ್ರಯನ್ ಕರಿ ಈ ಲೆಕ್ಕ ಓದಿ, ಲುನ್‌ಪೋಲಾ 3.5 ಕೋಟಿ ವರ್ಷಗಳಿಂದಲೂ 4,000 ಮೀಟರಿಗಿಂತ ಎತ್ತರದಲ್ಲೇ ಇದೆ ಎಂದರು.

ಆಮೇಲೆ ಅದೇ ಪ್ರದೇಶದಲ್ಲಿ ಒಂದು ಮೀನಿನ ಪಳೆಯುಳಿಕೆ ಸಿಕ್ಕಿತು. ಗಾಳಿ ಉಸಿರಾಡುವ ಜಾತಿಯದು. ಅದರ ಇಂದಿನ ನೆಂಟರೆಲ್ಲ ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಹಾಗೂ ಆಫ್ರಿಕಾದ ಬೆಚ್ಚಗಿನ ತಗ್ಗು ನೀರಿನವರು. 2019ರಲ್ಲಿ ತಾಳೆಗರಿಯ ಪಳೆಯುಳಿಕೆಯ ವರದಿ ಬಂತು. ಅದರ ವಯಸ್ಸನ್ನು ಆಗ ಸುಮಾರು 2.55 ಕೋಟಿ ವರ್ಷ ಎಂದು ಎಣಿಸಿದ್ದರು. ನಾಲ್ಕು ಸಾವಿರ ಮೀಟರಿನ ಚಳಿಯಲ್ಲಿ ತಾಳೆ ಬದುಕುವುದಿಲ್ಲ.

ಹಾಗಾದರೆ ಕಲ್ಲು ಸುಳ್ಳು ಹೇಳಿತೆ? ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ಬಿಸಿಲಿಗೆ ನೀರು ಆವಿಯಾದಾಗ ಹಗುರವಾದದ್ದು ಮೊದಲು ಹಾರಿಹೋಗುತ್ತದೆ, ಲೆಕ್ಕ ತಿರುಗುಮುರುಗಾಗುತ್ತದೆ. ಆಳದಲ್ಲಿ ಹೂತು ಬಿಸಿಯಾದರೆ ಸುಣ್ಣ ಮರುಹರಳುಗಟ್ಟಿ ಹಳೆಯ ಗುರುತು ಅಳಿಯುತ್ತದೆ. ಅದಕ್ಕೇ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಹಿಟ್ಟಿನಂಥ ನುಣುಪು ಕೆಸರು, ನಡುವೆ ಸಾಸಿವೆಗಿಂತ ಚಿಕ್ಕ ಚಿಪ್ಪುಜೀವಿಯ ಚಿಪ್ಪು ಕೆಡದೆ ಉಳಿದಿದ್ದರೆ ನಂಬಬಹುದು. ದಪ್ಪ ಹೊಳಪು ಹರಳು ಕಂಡರೆ ಅನುಮಾನಿಸಬೇಕು.

ಇನ್ನೊಂದು ಉಪಾಯವೂ ಇದೆ. ಭಾರದ ಇಂಗಾಲ ಮತ್ತು ಭಾರದ ಆಮ್ಲಜನಕ ತಣ್ಣಗಿದ್ದಷ್ಟೂ ಹೆಚ್ಚಾಗಿ ಜೋಡಿಯಾಗುತ್ತವೆ. ಆ ಜೋಡಿಗಳನ್ನು ಎಣಿಸಿದರೆ ಸುಣ್ಣ ಹುಟ್ಟಿದಾಗಿನ ತಾಪಮಾನವೇ ಸಿಗುತ್ತದೆ, ನೀರಿನ ಬಗ್ಗೆ ಊಹೆ ಬೇಕಿಲ್ಲ. 2006ರಲ್ಲಿ ಈ ಉಷ್ಣಮಾಪಕವನ್ನು ರೂಪಿಸಿ, ದಕ್ಷಿಣ ಅಮೆರಿಕದ ಆಲ್ಟಿಪ್ಲಾನೋ ಪ್ರಸ್ಥಭೂಮಿಯ ಮಣ್ಣಿನ ಸುಣ್ಣಕ್ಕೆ ಅನ್ವಯಿಸಿದ ಪ್ರಬಂಧಗಳ ಮೊದಲ ಲೇಖಕ ಪ್ರೊಸೆನ್‌ಜಿತ್ ಘೋಷ್ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಆದರೆ ಲುನ್‌ಪೋಲಾದ ಗಂಟು ಬಿಚ್ಚಿದ್ದು ಬೂದಿ. ಸರೋವರದ ಪದರಗಳ ನಡುವೆ ಜ್ವಾಲಾಮುಖಿಯ ಬೂದಿ ಸಿಕ್ಕಿಕೊಂಡಿತ್ತು, ಅದರಲ್ಲಿ ಜಿರ್ಕಾನ್ ಹರಳುಗಳಿದ್ದವು. ಅವುಗಳ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. 2020ರಲ್ಲಿ ಪ್ರಕಟವಾದ ಈ ಹೊಸ ಕಾಲಗಣನೆ ತಾಳೆಗರಿಯ ವಯಸ್ಸಿನ ಎಣಿಕೆಯನ್ನೇ ಹಿಂದಕ್ಕೆ ತಳ್ಳಿತು: ಸುಮಾರು 3.95 ಕೋಟಿ ವರ್ಷಗಳ ಹಿಂದೆ ಈ ನೆಲ 2,300 ಮೀಟರಿಗಿಂತ ತಗ್ಗಿನಲ್ಲಿತ್ತು, 2.6 ಕೋಟಿ ವರ್ಷಗಳ ಹಿಂದಿನ ಹೊತ್ತಿಗೆ 3,500ರಿಂದ 4,500 ಮೀಟರಿಗೆ ಏರಿತ್ತು. ತಾಳೆ ಚಳಿಗೆ ಹತ್ತಿ ಹೋಗಿರಲಿಲ್ಲ. ಬೆಚ್ಚಗಿನ ಕಣಿವೆಯಲ್ಲೇ ಬೆಳೆದು, ಗರಿ ಕೆಸರಿಗೆ ಬಿದ್ದು, ಆ ಕೆಸರಿನ ಸಮೇತ ಮೇಲಕ್ಕೆ ಬಂದಿತ್ತು.