ಕಡಿತ ಮಾಡಿದ ಹಣ ಎಲ್ಲಿಗೆ ಹೋಯಿತು?

2023ರ ಆಗಸ್ಟ್ 31ರಂದು, ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯಲು ಕೆಲವೇ ದಿನಗಳಿದ್ದಾಗ, ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಶಾಲೆಗಳಿಗೆ ಸರ್ಕಾರದ ಸೂಚನೆ ಬಂತು: ಚಾವಣಿ ಕುಸಿಯುವ ಅಪಾಯವಿದೆ, ಆ ಕೊಠಡಿಗಳಲ್ಲಿ ಮಕ್ಕಳನ್ನು ಕೂರಿಸಬೇಡಿ. ಆ ಚಾವಣಿಗಳಿಗೆ ಬಳಸಿದ್ದು ರಾಕ್ ಎಂಬ ಹಗುರ ಕಾಂಕ್ರೀಟ್. ಅದರಲ್ಲಿ ಜಲ್ಲಿ ಇರುವುದಿಲ್ಲ. ಕತ್ತರಿಸಿ ನೋಡಿದರೆ ಸೆಟ್ ದೋಸೆಯಂತೆ ಒಳಗೆಲ್ಲ ಗುಳ್ಳೆ. ಅಗ್ಗ, ಬೇಗ ಕೂರಿಸಬಹುದು ಎಂಬ ಕಾರಣಕ್ಕೆ 1950ರ ದಶಕದಿಂದ 1990ರ ದಶಕದವರೆಗೆ ಶಾಲೆ, ಆಸ್ಪತ್ರೆಗಳ ಸಮತಟ್ಟು ಚಾವಣಿಗಳಿಗೆ ಅದನ್ನು ಬಳಸಿದರು. ಅದರ ಆಯುಷ್ಯ ಸುಮಾರು 30 ವರ್ಷ. 2018ರಲ್ಲಿ ಕೆಂಟ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯ ಚಾವಣಿ ಕುಸಿದಿತ್ತು. ಅದು ವಾರಾಂತ್ಯವಾದ್ದರಿಂದ ಮಕ್ಕಳು ಉಳಿದರು. ಶಿಕ್ಷಣ ಇಲಾಖೆಯ ಅತ್ಯುನ್ನತ ಅಧಿಕಾರಿಯಾಗಿದ್ದ ಜೊನಾಥನ್ ಸ್ಲೇಟರ್ ನಂತರ ಹೇಳಿದ್ದಿಷ್ಟು: ವರ್ಷಕ್ಕೆ 300ರಿಂದ 400 ಶಾಲೆಗಳನ್ನು ಹೊಸದಾಗಿ ಕಟ್ಟಬೇಕಿತ್ತು, ಹಣ ಸಿಗುತ್ತಿದ್ದದ್ದು ನೂರಕ್ಕೆ; ಅದನ್ನು ಇನ್ನೂರಕ್ಕೆ ಏರಿಸಿ ಎಂದು ಕೇಳಿದರೆ ಐವತ್ತಕ್ಕೆ ಇಳಿಸಿದರು. ಆಗ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ ಈ ಆರೋಪವನ್ನು ಒಪ್ಪಲಿಲ್ಲ. ಮಕ್ಕಳು ಮಾತ್ರ ತಾತ್ಕಾಲಿಕ ಶೆಡ್ಡುಗಳಲ್ಲಿ, ಉಕ್ಕಿನ ಕಂಬಗಳ ಆಸರೆ ಕೊಟ್ಟ ಕಾರಿಡಾರುಗಳ ಪಕ್ಕದಲ್ಲಿ ಪಾಠ ಕೇಳಿದರು.

ಇದರ ಹಿನ್ನೆಲೆ ತಿಳಿಯಲು 2010ಕ್ಕೆ ಹೋಗಬೇಕು. ಬ್ಯಾಂಕುಗಳ ಕುಸಿತದ ನಂತರ ಬ್ರಿಟನ್ನಿನ ವಿತ್ತೀಯ ಕೊರತೆ ಜಿಡಿಪಿಯ ಸುಮಾರು ಶೇ 10ಕ್ಕೆ ಮುಟ್ಟಿತ್ತು. ಆ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಡೇವಿಡ್ ಕ್ಯಾಮರನ್ ಅವರ ಸಮ್ಮಿಶ್ರ ಸರ್ಕಾರ, ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಮುಂದಾಳತ್ವದಲ್ಲಿ, ನಾಲ್ಕು ವರ್ಷಗಳಲ್ಲಿ 8,100 ಕೋಟಿ ಪೌಂಡ್ ವೆಚ್ಚ ಕಡಿತದ ಯೋಜನೆ ಹಾಕಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಅವರ ವಾದದ ತಿರುಳು. ಕೊರತೆ ತಗ್ಗಿಸಬೇಕು ಎಂಬುದರಲ್ಲಿ ದೊಡ್ಡ ಪಕ್ಷಗಳಿಗೆ ಭಿನ್ನಾಭಿಪ್ರಾಯವೇ ಇರಲಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಸೋತ ಲೇಬರ್ ಸರ್ಕಾರದ ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಕೂಡ ನಾಲ್ಕು ವರ್ಷಗಳಲ್ಲಿ ಕೊರತೆಯನ್ನು ಅರ್ಧಕ್ಕೆ ಇಳಿಸುವುದಾಗಿ ಹೇಳಿದ್ದರು. ಜಗಳ ಇದ್ದದ್ದು ಎಷ್ಟು ವೇಗವಾಗಿ, ತೆರಿಗೆ ಎಷ್ಟು ಕಡಿತ ಎಷ್ಟು, ಯಾರ ಪಾಲಿನಿಂದ ಎಂಬುದರ ಮೇಲೆ. ಆಸ್ಬರ್ನ್ ಲೆಕ್ಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕಡಿತದಿಂದ, ಒಂದು ಪಾಲು ತೆರಿಗೆಯಿಂದ ಬರಬೇಕಿತ್ತು. ಅದೇ ದಶಕದಲ್ಲಿ ಕಂಪನಿಗಳ ತೆರಿಗೆಯನ್ನು ಶೇ 28ರಿಂದ 19ಕ್ಕೆ ಇಳಿಸಲಾಯಿತು. ಹೀಗಾಗಿ ಬೇರೆ ದಾರಿಯೇ ಇರಲಿಲ್ಲ ಎಂಬ ಮಾತನ್ನು ಪೂರ್ತಿ ನಂಬಲಾಗದು. ಇದ್ದ ದಾರಿಗಳಲ್ಲಿ ಒಂದನ್ನು ಆರಿಸಿಕೊಂಡಿದ್ದರು.

ನನ್ನ ವಾದ ಇಷ್ಟೆ: ಸಾರ್ವಜನಿಕ ಸೇವೆಯಲ್ಲಿ ಕಡಿತ ಮಾಡಿದ ವೆಚ್ಚ ಬಹುಪಾಲು ಮಾಯವಾಗುವುದಿಲ್ಲ. ಅದು ಇನ್ನೊಂದು ಇಲಾಖೆಯ ಲೆಕ್ಕಕ್ಕೋ, ಮುಂದಿನ ದಶಕದ ಲೆಕ್ಕಕ್ಕೋ, ಲೆಕ್ಕವೇ ಇಲ್ಲದ ಬಡ ಮನೆಗೋ ದಾಟುತ್ತದೆ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಾದ ಕೌನ್ಸಿಲ್‌ಗಳನ್ನು ನೋಡಿ. 2010ರಿಂದ 2018ರ ಹೊತ್ತಿಗೆ ಕೇಂದ್ರ ಸರ್ಕಾರ ಅವಕ್ಕೆ ಕೊಡುತ್ತಿದ್ದ ಹಣ, ಬೆಲೆಯೇರಿಕೆ ಕಳೆದು ನೋಡಿದರೆ, ಸುಮಾರು ಅರ್ಧಕ್ಕೆ ಇಳಿದಿತ್ತು. ಕೆಲವು ಕೆಲಸಗಳನ್ನು ಕೌನ್ಸಿಲ್ ಕಾನೂನುಬದ್ಧವಾಗಿ ಮಾಡಲೇಬೇಕು: ಆಪತ್ತಿನಲ್ಲಿರುವ ಮಗುವನ್ನು ರಕ್ಷಿಸುವುದು, ಆಸರೆ ಇಲ್ಲದ ವೃದ್ಧರನ್ನು ನೋಡಿಕೊಳ್ಳುವುದು. ಆದ್ದರಿಂದ ಕತ್ತರಿ ಬಿದ್ದದ್ದು ಕಾನೂನಿನ ಬಿಗಿ ಕಡಿಮೆ ಇದ್ದವುಗಳ ಮೇಲೆ, ಅಂದರೆ ಗ್ರಂಥಾಲಯ, ಯುವಜನ ಕೇಂದ್ರ, ಎಳೆಮಕ್ಕಳ ಕೇಂದ್ರಗಳ ಮೇಲೆ. ಕಷ್ಟ ಬರದಂತೆ ತಡೆಯುವ ಸೇವೆಗಳೇ ಇವು. ಶ್ಯೂರ್ ಸ್ಟಾರ್ಟ್ ಎಂಬ ಹೆಸರಿನ ಕೇಂದ್ರಗಳು ಐದು ವರ್ಷದೊಳಗಿನ ಮಕ್ಕಳಿಗೆ, ಅವರ ತಾಯಂದಿರಿಗೆ ಆರೋಗ್ಯ ಸಲಹೆ, ಆಟ, ಪಾಲನೆಯ ನೆರವು ಎಲ್ಲವನ್ನೂ ಒಂದೇ ಸೂರಿನಡಿ ಕೊಡುತ್ತಿದ್ದವು. ಒಂದು ಕಾಲಕ್ಕೆ ಸುಮಾರು 3,600 ಇದ್ದ ಈ ಕೇಂದ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಮುಚ್ಚಿದವು. ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸ್ವತಂತ್ರ ಸಂಸ್ಥೆ ಆ ಮಕ್ಕಳು ಬೆಳೆದ ಮೇಲೆ ಅಧ್ಯಯನ ಮಾಡಿತು. ಕೇಂದ್ರದ ಹತ್ತಿರ ಬೆಳೆದ ಮಕ್ಕಳು ಹತ್ತು ಹನ್ನೊಂದರ ವಯಸ್ಸಿನಲ್ಲಿ ಆಸ್ಪತ್ರೆಗೆ ದಾಖಲಾಗುವುದು ಕಡಿಮೆಯಾಗಿತ್ತು, 16ರ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚಿತ್ತು. ಲಾಭ ಹೆಚ್ಚು ಸಿಕ್ಕಿದ್ದು ಬಡ ಮಕ್ಕಳಿಗೆ. ಆದರೆ ಈ ಫಲ ಕಣ್ಣಿಗೆ ಕಾಣುವಷ್ಟರಲ್ಲಿ ಹಲವು ಕೇಂದ್ರಗಳು ಹೋಗಿದ್ದವು. ಇನ್ನೊಂದು ಕಡೆ, ತಂದೆತಾಯಿಯಿಂದ ಬೇರ್ಪಡಿಸಿ ಕೌನ್ಸಿಲ್ ತನ್ನ ಸುಪರ್ದಿಗೆ ತೆಗೆದುಕೊಂಡ ಮಕ್ಕಳ ಸಂಖ್ಯೆ 2010ರಲ್ಲಿ ಸುಮಾರು 64,000 ಇದ್ದದ್ದು 2023ರಲ್ಲಿ ಸುಮಾರು 84,000 ಆಯಿತು. ಈ ಏರಿಕೆಗೆ ಕೇಂದ್ರಗಳ ಮುಚ್ಚುವಿಕೆಯೊಂದೇ ಕಾರಣ ಎನ್ನಲಾಗದು. ಆದರೆ ಮೊದಲೇ ಕೈಹಿಡಿಯುವ ಸೇವೆ ಸೊರಗಿದಾಗ ಕೊನೆಯ ಆಸರೆಯ ಮೇಲೆ ಭಾರ ಬೀಳುತ್ತದೆ, ಅದರ ಬಿಲ್ಲು ಬಹಳ ದೊಡ್ಡದು.

ಆಸ್ಪತ್ರೆಗಳ ಕಥೆ ಇದಕ್ಕಿಂತ ನೇರ. ಆರೋಗ್ಯ ಇಲಾಖೆಯ ಬಜೆಟ್ಟನ್ನು ಕಡಿಯುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತ್ತು. ಆದರೂ ದಿನನಿತ್ಯದ ಖರ್ಚಿಗೆ ಸಾಲದೆ, 2014ರಿಂದ 2019ರೊಳಗೆ ಕಟ್ಟಡ ಮತ್ತು ಯಂತ್ರಗಳಿಗೆಂದು ಇಟ್ಟಿದ್ದ 430 ಕೋಟಿ ಪೌಂಡನ್ನು ಅತ್ತ ತಿರುಗಿಸಲಾಯಿತು. ಬಾಕಿ ಉಳಿದ ದುರಸ್ತಿಯ ಮೊತ್ತ 2022–23ರಲ್ಲಿ 1,100 ಕೋಟಿ ಪೌಂಡ್ ದಾಟಿತು. ಲೆಕ್ಕಪರಿಶೋಧನೆಗೂ ಇದೇ ಗತಿ ಬಂತು. ಕೌನ್ಸಿಲ್‌ಗಳ ಲೆಕ್ಕದ ಮೇಲೆ ಕಣ್ಣಿಡುತ್ತಿದ್ದ ಆಡಿಟ್ ಕಮಿಷನ್ನನ್ನು ದುಂದುವೆಚ್ಚ ಎಂದು 2015ರಲ್ಲಿ ಮುಚ್ಚಿದರು, ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಬಿಟ್ಟರು. 2022–23ರ ಲೆಕ್ಕಪತ್ರಗಳಲ್ಲಿ ಗಡುವಿನೊಳಗೆ ಪರಿಶೋಧನೆ ಮುಗಿದದ್ದು ನೂರಕ್ಕೆ ಒಂದರಷ್ಟು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಕೌನ್ಸಿಲ್ ತನ್ನ ಕೈ ಬರಿದಾಗಿದೆ ಎಂದು ಘೋಷಿಸಿತು. ಮಹಿಳಾ ನೌಕರರ ಸಮಾನ ವೇತನದ ಬಾಕಿ, ಕೆಟ್ಟು ಕೂತ ಕಂಪ್ಯೂಟರ್ ಯೋಜನೆ ಇವು ಅಲ್ಲಿನ ಆಡಳಿತದ್ದೇ ತಪ್ಪುಗಳು, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಹಣವೂ ಇಲ್ಲದ, ತಪ್ಪನ್ನು ಹೊತ್ತಿಗೆ ಸರಿಯಾಗಿ ತೋರಿಸುವವರೂ ಇಲ್ಲದ ಕಡೆ ಇಂಥ ತಪ್ಪು ದಿವಾಳಿಯಾಗಿಯೇ ಮುಗಿಯುತ್ತದೆ. ಮರುವರ್ಷ ಬರ್ಮಿಂಗ್‌ಹ್ಯಾಮಿನ ನಿವಾಸಿಗಳಿಗೆ ಬಂದದ್ದು ಸುಮಾರು ಶೇ 10ರಷ್ಟು ತೆರಿಗೆ ಏರಿಕೆ, ಜೊತೆಗೆ ಇನ್ನಷ್ಟು ಕಡಿತ.

ಕಡಿತದ ಪರ ಇರುವವರ ಮಾತಿನಲ್ಲೂ ಹುರುಳಿದೆ. ಆರಂಭದ ವರ್ಷಗಳಲ್ಲಿ ಹಲವು ಇಲಾಖೆಗಳು ಕಡಿಮೆ ಹಣದಲ್ಲಿ ಅಷ್ಟೇ ಕೆಲಸ ಮಾಡಿದವು. ಪೊಲೀಸರ ಸಂಖ್ಯೆ ಸುಮಾರು 20,000 ಇಳಿದರೂ ಒಟ್ಟು ಅಪರಾಧ ಕೂಡಲೇ ಏರಲಿಲ್ಲ. ವಿರೋಧಿಗಳು ಹೆದರಿಸಿದಂತೆ ನಿರುದ್ಯೋಗ ಉಕ್ಕಲಿಲ್ಲ. 2019ರ ಹೊತ್ತಿಗೆ ಶೇ 4ಕ್ಕಿಂತ ಕೆಳಗಿಳಿದಿತ್ತು. 2010ರಲ್ಲಿ ರದ್ದಾದ ದೊಡ್ಡ ಶಾಲಾ ನಿರ್ಮಾಣ ಯೋಜನೆ ದುಬಾರಿ, ನಿಧಾನ ಎಂಬ ಟೀಕೆಗೂ ಆಧಾರವಿತ್ತು. ಸಾಲ ಕೊಡುವವರನ್ನು ಲೆಕ್ಕಿಸದಿದ್ದರೆ ಏನಾಗುತ್ತದೆ ಎಂಬುದನ್ನು 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರದ ಮಿನಿ ಬಜೆಟ್ ತೋರಿಸಿತು: ಪೌಂಡ್ ಕುಸಿಯಿತು, ಬಡ್ಡಿ ಜಿಗಿಯಿತು. ಇಷ್ಟನ್ನೂ ಒಪ್ಪುತ್ತೇನೆ. ಆದರೆ ದುಂದು ತೆಗೆಯುವುದು ಒಮ್ಮೆ ಸಿಗುವ ಲಾಭ. ಕೊಬ್ಬು ಕರಗಿದ ಮೇಲೂ ಅದೇ ಪ್ರಮಾಣದಲ್ಲಿ ಕಡಿಯುತ್ತ ಹೋದರೆ ಕತ್ತಿ ಮಾಂಸಕ್ಕೇ ತಾಗುತ್ತದೆ. ಟ್ರಸ್ ಪ್ರಕರಣದಲ್ಲಿ ಮಾರುಕಟ್ಟೆ ಬೆಚ್ಚಿದ್ದು ಸೇವೆಗಳ ಖರ್ಚಿಗಲ್ಲ, ಆದಾಯದ ಮೂಲ ತೋರಿಸದೆ ಘೋಷಿಸಿದ ತೆರಿಗೆ ವಿನಾಯಿತಿಗೆ. ಇಷ್ಟೆಲ್ಲ ಮಾಡಿ ಆಸ್ಬರ್ನ್ ತಮ್ಮ ಗುರಿಯನ್ನಾದರೂ ಮುಟ್ಟಿದರೇ? 2015ರ ಹೊತ್ತಿಗೆ ಕೊರತೆ ಇಳಿದದ್ದು ಸುಮಾರು ಅರ್ಧ, ಅಂದರೆ ನಿಧಾನ ಎಂದು ತಾವೇ ಹೀಗಳೆದಿದ್ದ ಡಾರ್ಲಿಂಗ್ ಯೋಜನೆಯ ಆಸುಪಾಸು.

ಈ ಜಗಳ ಪಕ್ಷಗಳ ನಡುವಿನದು ಮಾತ್ರವೂ ಅಲ್ಲ. 2024ರಲ್ಲಿ ಗೆದ್ದ ಲೇಬರ್ ಪಕ್ಷ ಬಂದ ತಿಂಗಳಲ್ಲೇ ಬಹುಪಾಲು ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆ ನಿಲ್ಲಿಸಿ, ಸ್ವಪಕ್ಷದವರ ಸಿಟ್ಟಿಗೂ ಗುರಿಯಾಗಿ, ಮರುವರ್ಷ ಹಿಂದೆ ಸರಿಯಿತು. ಹಣ ಕೈಗೆ ಬರುತ್ತಿದ್ದವರಿಗೆ ಕಡಿತ ಕೂಡಲೇ ಗೊತ್ತಾಯಿತು, ಅವರು ಮಾತಾಡಿದರು. ಎಳೆಮಕ್ಕಳ ಕೇಂದ್ರಕ್ಕೆ, ಸೋರುವ ಚಾವಣಿಗೆ ಅಂಥ ಬಾಯಿ ಇಲ್ಲ.

ನಮ್ಮಲ್ಲಿ ಕಡಿತ ಇಷ್ಟು ಗಟ್ಟಿಯಾಗಿ ಸದ್ದು ಮಾಡುವುದಿಲ್ಲ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮೊದಲ ರಾಜ್ಯ, ಅದು ಒಳ್ಳೆಯ ಶಿಸ್ತೇ. ಆದರೆ ಕೊರತೆಯ ಮಿತಿಯನ್ನು ಕಾಗದದ ಮೇಲೆ ಕಾಪಾಡಲು ಸುಲಭದ ದಾರಿ, ಖಾಲಿ ಹುದ್ದೆ ತುಂಬದೆ ಇರುವುದು. ಕಾಯಂ ಮೇಷ್ಟ್ರ ಜಾಗದಲ್ಲಿ ಅತಿಥಿ ಶಿಕ್ಷಕರನ್ನು ವರ್ಷವರ್ಷವೂ ನೇಮಿಸುವುದು. ದುರಸ್ತಿಯನ್ನು ಮುಂದಿನ ಸಾಲಿಗೆ ತಳ್ಳುವುದು. ಇದಕ್ಕೆ ಸದನದಲ್ಲಿ ಮತ ಹಾಕಬೇಕಿಲ್ಲ, ಪತ್ರಿಕೆಯಲ್ಲಿ ತಲೆಬರಹವೂ ಬರುವುದಿಲ್ಲ. ಮುಂದಿನ ಬಜೆಟ್ ಬಂದಾಗ ಓದುಗರು ಹೊಸ ಘೋಷಣೆಗಳ ಪಟ್ಟಿಯನ್ನು ಸ್ವಲ್ಪ ಬದಿಗಿಡಲಿ. ತಮ್ಮ ಶಾಸಕರನ್ನು ಎರಡೇ ಪ್ರಶ್ನೆ ಕೇಳಲಿ: ನಮ್ಮ ತಾಲ್ಲೂಕಿನ ಶಾಲೆ, ಆಸ್ಪತ್ರೆಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು? ಹೋದ ವರ್ಷ ದುರಸ್ತಿಗೆಂದು ಇಟ್ಟ ಹಣದಲ್ಲಿ ಖರ್ಚಾದದ್ದು ಎಷ್ಟು?